ಹತ್ತು ಲಕ್ಷಕ್ಕೆ ಹದಿನೇಳು ಕಡಿಮೆ

ಹೊಳೆದಂಡೆಯ ಆಶ್ರಮವೊಂದರಲ್ಲಿ ಬಾಚಲಮ್ಮ ಎಂಬ ಮುದುಕಿ ಗಣಿತ ಕಲಿಸುತ್ತಿದ್ದರು. ಓದು ಮುಗಿಸಿದ ಶಿಷ್ಯನಿಗೆ ಒಂದು ಸಂಖ್ಯೆ ಕೊಡುವುದು ಅಲ್ಲಿಯ ಪದ್ಧತಿ. ಒಂದನ್ನೂ ತನ್ನನ್ನೂ ಬಿಟ್ಟು ಅದು ಬೇರೆ ಯಾವುದರಿಂದ ಶೇಷವಿಲ್ಲದೆ ಭಾಗವಾಗುತ್ತದೆಂದು ಕಂಡುಹಿಡಿದರೆ ಸಂಖ್ಯೆ ಒಡೆದ ಹಾಗೆ. ಒಡೆದವನಿಗೆ ಪಾಠ ಹೇಳುವ ಹಕ್ಕು.

ಕೇತಣ್ಣನ ಪಾಲಿಗೆ ಬಂದದ್ದು ಹತ್ತು ಲಕ್ಷಕ್ಕೆ ಹದಿನೇಳು ಕಡಿಮೆ.

ಮರಳು ಹರಡಿದ ಹಲಗೆಯ ಮೇಲೆ ಬೆರಳಿನಿಂದ ಭಾಗಿಸುವುದು. ಶೇಷ ಉಳಿದರೆ ಅಂಗೈಯಲ್ಲಿ ಒರೆಸಿ ಮುಂದಿನದನ್ನು ಹಿಡಿಯುವುದು. ಜೊತೆಯವರೆಲ್ಲ ತಮ್ಮ ತಮ್ಮದನ್ನು ಒಡೆದು ಗುರುಗಳಾಗಿ ಹೋದರು. ಹೊಳೆ ತುಂಬಿತು, ಇಳಿಯಿತು, ಮತ್ತೆ ತುಂಬಿತು. ಕೇತಣ್ಣನ ಅಂಗೈ ಸವೆಯಿತು.

"ಏನಪ್ಪಾ, ನಿನ್ನ ತೆಂಗಿನಕಾಯಿ ಇವತ್ತಾದರೂ ಒಡೀತೋ?" ಎಂದು ಅಡುಗೆಯ ಚೌಡಪ್ಪ ಊಟಕ್ಕೆ ಬಡಿಸುವಾಗೆಲ್ಲ ಕೆಣಕುವನು.

ಮೊದಮೊದಲು ಕೇತಣ್ಣ ನಗುತ್ತಿದ್ದ. ಈಚೆಗೆ, "ಸಾರು ಹಾಕು ಮಾರಾಯ," ಅನ್ನುತ್ತಿದ್ದ, ಅಷ್ಟೆ.

ಒಂದು ಮಧ್ಯಾಹ್ನ ಹಲಗೆಯ ಮರಳನ್ನು ಹೊಳೆಗೆ ಸುರಿದು ಅಮ್ಮನ ಮುಂದೆ ಬಂದು ಕೂತ.

"ಅಮ್ಮಾ, ಊರಿಗೆ ಹೋಗ್ತೀನಿ. ನನ್ನ ಕೈಲಿ ಇದನ್ನ ಒಡೆಯೋಕಾಗಲ್ಲ."

ಬಾಚಲಮ್ಮ ಕಾಲು ನೀವಿಕೊಳ್ಳುತ್ತಿದ್ದರು. "ಎಲ್ಲಿವರೆಗೆ ಬಂದೆ?"

"ನಾಲ್ಕು ಸಾವಿರ ದಾಟಿದೆ."

"ಯಾಕೆ?"

"ಯಾಕೆ ಅಂದರೆ... ಮುಂದೆ ಎಲ್ಲಾದರೂ ಸಿಕ್ಕೀತು ಅಂತ."

"ಸಾವಿರ ಸಲ ಸಾವಿರ ಎಷ್ಟಪ್ಪ?"

"ಹತ್ತು ಲಕ್ಷ."

"ನಿನ್ನದು ಅದಕ್ಕೂ ಕಡಿಮೆ. ಸಾವಿರದ ಆಚೆಯದೊಂದು ಅದನ್ನು ಭಾಗಿಸಿತು ಅಂದುಕೋ. ಅದರ ಜೋಡಿ, ಆ ಭಾಗಲಬ್ಧ, ಎಲ್ಲಿರಬೇಕು?"

ಕೇತಣ್ಣ ನೆಲಕ್ಕೆ ಬೆರಳಿಟ್ಟ. ಬರೆಯಲಿಲ್ಲ.

"ಸಾವಿರದ ಒಳಗೆ."

"ಒಳಗೆ ಸಿಕ್ಕಿತ್ತಾ?"

"ಇಲ್ಲ."

ಕೇತಣ್ಣ ನೆಲದಿಂದ ಬೆರಳು ತೆಗೆದ.

"ಹಾಗಾದರೆ ಇದು ಅವಿಭಾಜ್ಯ," ಎಂದ ಕೇತಣ್ಣ. ದನಿಯಲ್ಲಿ ಹಿಗ್ಗಿರಲಿಲ್ಲ. "ಒಂದು, ಬಿಟ್ಟರೆ ತಾನು. ಬೇರೆ ಯಾರಿಗೂ ಬಗ್ಗಲ್ಲ."

"ಹೂಂ."

"ಗೊತ್ತಿದ್ದೂ ಕೊಟ್ಟಿರಾ?"

"ನಿನಗಿಂತ ಮುಂಚೆ ಇನ್ನಿಬ್ಬರಿಗೂ ಕೊಟ್ಟಿದ್ದೆ. ಒಬ್ಬ ಹೇಳದೆ ಕೇಳದೆ ಓಡಿಹೋದ. ಇನ್ನೊಬ್ಬ ಒಡೆದುಕೊಂಡು ಬಂದ."

"ಒಡೆದನಾ! ಹೇಗೆ?"

"ನಾನೂ ಹಾಗೇ ಕೇಳಿದೆ. ಅವನೂ ಓಡಿಹೋದ." ಅಮ್ಮ ಇನ್ನೊಂದು ಕಾಲು ಚಾಚಿದರು. "ಆಗಲಿಲ್ಲ ಅಂತ ಎದುರಿಗೆ ಕೂತು ಹೇಳಿದವನು ನೀನೊಬ್ಬನೇ. ನಾಳೆಯಿಂದ ಪಾಠ ನೀನೇ ಹೇಳು. ನನಗೂ ಮಂಡಿ ಹೋಗಿದೆ."

ಕೇತಣ್ಣ ಏಳಲಿಲ್ಲ. ಅಂಗೈ ತಿರುಗಿಸಿ ನೋಡಿಕೊಂಡ.

"ಸಾವಿರಕ್ಕೇ ಮುಗಿದಿತ್ತು. ಅವತ್ತೇ ಒಂದು ಮಾತು ಹೇಳಬಹುದಿತ್ತಲ್ಲಮ್ಮ."

"ದಿನಾ ಬಂದು, ನಾಳೆ ಸಿಗುತ್ತೆ ಅಮ್ಮಾ, ನಾಳೆ ಸಿಗುತ್ತೆ ಅಮ್ಮಾ ಅಂದೆ," ಎಂದರು ಬಾಚಲಮ್ಮ. "ಸಾಕಾ ಅಮ್ಮಾ ಅಂತ ಒಂದು ದಿನ ಕೇಳಿದ್ದರೆ ಹೇಳ್ತಿದ್ದೆ."