ಹುಡುಕಾಸುರನ ಕಣ್ಣಿಗೆ ಬೀಳದ ಎಂಟುನೂರು ಪುಟ

"ಕೇಳಿರಿ, ಹೊಳೆಗಲ್ಲಿನ ಪ್ರಜೆಗಳೇ. ನಮ್ಮ ಜಾಲತಾಣದ ಪುಟಗಳನ್ನು ಹುಡುಕಾಸುರನ ಪುಸ್ತಕಕ್ಕೆ ಏರಿಸಿದವರಿಗೆ ಬೇಡಿದ್ದನ್ನು ಕೊಡಲಾಗುವುದು. ಆದರೆ ಅಸುರ ಮೂರು ಒಗಟು ಕೇಳುತ್ತಾನೆ. ತಪ್ಪು ಹೇಳಿದವರನ್ನು ನುಂಗುತ್ತಾನೆ. ಇದು ಚಂಡಕೇತು ಮಹಾರಾಜರ ಅಪ್ಪಣೆ."

ಹೀಗೆಂದು ಡಂಗುರ ಸಾರಿದವನು ಮಾಳಿಂಗ. ಓಣಿ ಓಣಿಗೂ ಸುದ್ದಿ ಮುಟ್ಟಿಸುವುದು ಅವನ ಕೆಲಸ.

ಹೋದ ವರ್ಷದ ನೆರೆಯಲ್ಲಿ ಮೇಲಿನ ಸೀಮೆಯ ಎಂಟುನೂರು ಮಂದಿ ಹೊಳೆಯಲ್ಲಿ ತೇಲಿಬಂದು ಈ ರಾಜ್ಯದ ದಡ ಸೇರಿದ್ದರು. ಅವರ ಊರುಗಳೇ ಕೊಚ್ಚಿಹೋಗಿ, ಉಳಿದ ಬಂಧುಗಳು ದಿಕ್ಕಾಪಾಲಾಗಿದ್ದರು. ಹೊಳೆಗಲ್ಲಿನ ಜನ ಬಂದವರನ್ನು ಮನೆಮನೆಗೆ ಕರೆದೊಯ್ದರು. ಮಾಳಿಂಗನ ಮನೆಗೆ ಬಂದವಳು ಕಲ್ಲವ್ವ ಎಂಬ ಮುದುಕಿ. ರಾಜಕುಮಾರಿ ಇಂದುಪ್ರಭೆ ಒಬ್ಬೊಬ್ಬರಿಗೂ ಒಂದೊಂದು ಪುಟ ಬರೆದು, ಭಾವಚಿತ್ರ ಹಾಕಿ, ಜಾಲತಾಣಕ್ಕೆ ಏರಿಸಿದಳು. ಬಂಧುಗಳು ಹೆಸರು ಹುಡುಕಿದರೆ ಸಿಗಲಿ ಎಂಬುದು ಅವಳ ಆಸೆ.

ಒಬ್ಬರೂ ಬರಲಿಲ್ಲ. ಆ ಕಾಲದಲ್ಲಿ ಯಾರಿಗೆ ಏನು ಬೇಕಾದರೂ ಹುಡುಕಾಸುರನನ್ನೇ ಕೇಳಬೇಕು. ಅವನು ಲೋಕದ ಜಾಲತಾಣಗಳನ್ನೆಲ್ಲ ಸುತ್ತಿ, ಕಂಡದ್ದನ್ನು ತನ್ನ ಪುಸ್ತಕದಲ್ಲಿ ಬರೆದಿಡುತ್ತಾನೆ. ಈ ಪುಟಗಳು ಅವನಿಗೆ ಕಂಡೇ ಇರಲಿಲ್ಲ.

"ನನ್ನ ಮಗಳು ನನ್ನ ಹುಡುಕಾಕತ್ತಾಳೋ, ಸತ್ತಾಳಂತ ಬಿಟ್ಟಾಳೋ?" ಎಂದು ಕಲ್ಲವ್ವ ದಿನವೂ ಕೇಳುತ್ತಿದ್ದಳು.

ರಾಜನ ಕರೆಗೆ ಅಸುರ ಬಂದು ಕೋಟೆ ಬಾಗಿಲಲ್ಲಿ ಕೂತ. ರಾಜಕುಮಾರಿಯ ಕೈಹಿಡಿಯುವ ಆಸೆಯಿಂದ ಮಂತ್ರಿಯ ಮಗ ಮೊದಲು ಮುಂದೆ ಬಂದ.

"ಒಂದು ದೊಡ್ಡ ಮನೆ. ಕೋಣೆಯಿಂದ ಕೋಣೆಗೆ ಬಾಗಿಲು ಹಿಡಿದು ನಾನು ಮನೆಯೆಲ್ಲ ತಿರುಗುತ್ತೇನೆ. ಆದರೂ ಒಂದು ಕೋಣೆ ನನಗೆ ಕಾಣುವುದಿಲ್ಲ. ಏಕೆ?" ಎಂದ ಅಸುರ.

"ಬೀಗ ಹಾಕಿದೆ," ಎಂದ ಮಂತ್ರಿಯ ಮಗ. ಅಸುರ ಅವನನ್ನು ಪೇಟ ಸಮೇತ ನುಂಗಿದ.

ಆಸ್ಥಾನದ ಪಂಡಿತ ಬಂದ. "ಆ ಕೋಣೆ ಬರೀ ಮಾಯೆ, ನಿಜವಾಗಿ ಇಲ್ಲವೇ ಇಲ್ಲ," ಎಂದ. ಸ್ವಲ್ಪ ಹೊತ್ತಿಗೆ ಪಂಡಿತನೂ ಇರಲಿಲ್ಲ. ಆಮೇಲೆ ಯಾರೂ ಮುಂದೆ ಬರಲಿಲ್ಲ. ಮಾಳಿಂಗ ಡಂಗುರವನ್ನು ಕೆಳಗಿಟ್ಟು ಎದುರಿಗೆ ನಿಂತ.

"ಆ ಖೋಲಿ ಐತ್ರಿ, ಬೀಗಾನೂ ಇಲ್ಲ. ಆದ್ರ ಬ್ಯಾರೆ ಯಾವ ಖೋಲಿಯಿಂದ್ಲೂ ಅದಕ್ಕ ಬಾಗಲಾ ಇಲ್ಲ. ನೀವು ಬಾಗಲಾ ಹಿಡಿದು ಹೋಗವ್ರು, ನಿಮಗ ಹೆಂಗ ಕಂಡೀತು? ನಮ್ಮ ಕುಂಬಾರ ಓಣಿನೂ ಹಂಗ ಐತಿ, ಬ್ಯಾರೆ ಯಾವ ಓಣಿಯಿಂದ್ಲೂ ಅದಕ್ಕ ದಾರಿ ಇಲ್ಲ."

ನುಂಗಲು ತೆರೆದಿದ್ದ ಬಾಯಿಯನ್ನು ಅಸುರ ಮುಚ್ಚಿದ. "ಹೊಸ್ತಿಲಲ್ಲಿ ಒಂದು ಹಾಳೆ. ಮನೆಯವರು ಓದುವುದಿಲ್ಲ, ನೆಂಟರೂ ಓದುವುದಿಲ್ಲ. ನಾನು ಓದಿದರೆ ಆ ಕೋಣೆಯೂ ನನಗೆ ಕಾಣುತ್ತದೆ. ಏನದು?"

"ಎಲ್ಲಾ ಖೋಲಿಗಳ ಪಟ್ಟಿರಿ. ಡಂಗುರ ಸಾರೂವಾಗ ಕುಂಬಾರ ಓಣಿ ತಪ್ಪಿಸಿ ಬೈಸ್ಕೊಂಡ ಮ್ಯಾಲ ನಾನೂ ಓಣಿಗಳ ಹೆಸರು, ದಾರಿ ಬರ್ಕೊಂಡು ಕಿಸೆದಾಗ ಇಟ್ಕೊಂಡೀನಿ."

"ಪಟ್ಟಿಯಲ್ಲಿ ಪ್ರತಿ ಹೆಸರಿನ ಪಕ್ಕ ಒಂದು ಸಣ್ಣ ಬರಹ. ನಿಜವಾದರೆ ನನ್ನ ಕಾಲು ಉಳಿಸುತ್ತದೆ. ಸುಳ್ಳಾದರೆ ಮುಂದೆಂದೂ ಅದನ್ನು ನಂಬುವುದಿಲ್ಲ. ಏನದು?" ಎಂದ ಅಸುರ.

ಮಾಳಿಂಗ ಕಿಸೆಯಲ್ಲಿದ್ದ ತನ್ನ ಪಟ್ಟಿ ತೆಗೆದು ನೋಡಿದ.

"ತಾರೀಖು," ಎಂದ ಕೊನೆಗೆ. "ಅಲ್ಲಿ ಕಡೀಕ ಯಾವತ್ತು ಏನು ಬದಲಾತು ಅನ್ನೂದು. ಬದಲಾಗದಿದ್ರ ನೀವು ಮತ್ತ ಯಾಕ ಹೋಗ್ಬೇಕು? ದಿನಾ ಸುಳ್ಳ ತಾರೀಖು ಹಾಕಿದ್ರ ನೀವರ ಯಾಕ ನಂಬ್ಬೇಕು?"

"ಮೂರೂ ಸರಿ," ಎಂದ ಅಸುರ. "ಆದರೆ ಪಟ್ಟಿ ಕೊಟ್ಟ ಮಾತ್ರಕ್ಕೆ ನಾನು ಪುಸ್ತಕಕ್ಕೆ ಏರಿಸಲೇಬೇಕೆಂಬ ಕಟ್ಟಳೆ ಇಲ್ಲ, ಗೊತ್ತೇನು?"

"ಗೊತ್ತೈತ್ರಿ. ಒಮ್ಮೆ ಬಂದು ನೋಡ್ರಿ ಅಂತೀನಿ, ಅಷ್ಟ."

ಅಸುರ ನಕ್ಕುಬಿಟ್ಟ. "ನನ್ನದನ್ನೇ ಮೊದಲು ತೋರಿಸು ಎಂದು ಕಾಡಿದವರೇ ಎಲ್ಲ. ಬಂದು ನೋಡು ಎಂದವನು ನೀನೊಬ್ಬ."

ಮಾಳಿಂಗ ಒಬ್ಬೊಬ್ಬರ ಹೆಸರು ಹೇಳುತ್ತ ಹೋದ, ರಾಜಕುಮಾರಿ ಬರೆಯುತ್ತ ಹೋದಳು. ಬೇರೆ ಯಾವ ಪುಟದಿಂದಲೂ ಕೊಂಡಿಯಿಲ್ಲದ ಎಂಟುನೂರು ಪುಟಗಳ ವಿಳಾಸ, ಪಕ್ಕದಲ್ಲಿ ನಿಜವಾದ ತಾರೀಖು. ಬಲ್ಲವರು ಇಂಥ ಪಟ್ಟಿಯನ್ನು ಸೈಟ್‌ಮ್ಯಾಪ್ ಎನ್ನುತ್ತಾರೆ. ಅದನ್ನು ಜಾಲತಾಣದ ಬಾಗಿಲಲ್ಲಿಟ್ಟರು. ಅಸುರ ಓದಿದ, ಒಂದೊಂದೇ ಪುಟಕ್ಕೆ ಹೋದ, ನೋಡಿದ, ಬರೆದುಕೊಂಡ.

"ಏನು ಬೇಕು ಕೇಳಪ್ಪ," ಎಂದ ರಾಜ. ನುಂಗಿದವರನ್ನು ಬಿಡಿಸಿಕೊಡಿ ಎಂದ ಮಾಳಿಂಗ. ರಾಜ ಬೇಡಿಕೊಂಡಾಗ ಅಸುರ ತೇಗಿದ. ಪಂಡಿತ, ಮಂತ್ರಿಯ ಮಗ ಇಬ್ಬರೂ ಹೊರಬಿದ್ದು ಮಾಳಿಂಗನಿಗೆ ಕೈಮುಗಿದರು. ರಾಜ ಅವನನ್ನು ಆ ಪಟ್ಟಿಯ ಅಧಿಕಾರಿ ಮಾಡಿ, ಇರಲು ಒಳ್ಳೆಯ ಮನೆ ಕೊಟ್ಟ.

ಒಂಬತ್ತನೆಯ ದಿನ ಹೊಳೆಯಲ್ಲಿ ದೋಣಿಗಳು ಬರತೊಡಗಿದವು. ಮೂರನೆಯ ದೋಣಿಯಿಂದ ಒಬ್ಬ ಹೆಂಗಸು ನೀರಿಗೇ ಜಿಗಿದು ಓಡಿಬಂದಳು.

"ಎಲ್ಲಿ ಹೋಗಿದ್ದೆವ್ವಾ ಇಷ್ಟ ದಿನಾ?" ಎಂದು ಕಲ್ಲವ್ವ ಗದರಿದಳು, ಅಳುತ್ತಲೇ.

"ದಿನಾ ನಿನ್ನ ಹೆಸರು ಹುಡುಕ್ತಿದ್ನೆವ್ವಾ. ನಿನ್ನೆ ಸಿಕ್ಕಿತು."

ಮಗಳು ಮಾಳಿಂಗನ ಕಾಲಿಗೆ ಬೀಳಹೋದಾಗ ಅವನು ಹಿಂದೆ ಸರಿದ. ಕಲ್ಲವ್ವ ಒಳಗೆ ಹೋಗಿ ಎರಡು ಬಿಸಿ ರೊಟ್ಟಿ ಬಡಿದು ತಂದಳು.

"ಆ ಹುಡುಕೋ ಮಾರಾಯಗ ಕೊಡಪಾ. ನನ್ನಂಥಾಕಿ ಸಲವಾಗಿ ಎಷ್ಟ ತಿರಗ್ಯಾನೋ ಏನೋ."

ಅಸುರನಿಗೆ ಅದುವರೆಗೆ ಕೇಳುವವರಿದ್ದರು, ಕೊಡುವವರಿರಲಿಲ್ಲ. ಮಾಳಿಂಗ ಕೊಟ್ಟ ರೊಟ್ಟಿಯನ್ನು ಅಲ್ಲೇ ಕೂತು ಪೂರ್ತಿ ತಿಂದ. ಅಂದಿನಿಂದ ಅವನು ಮನುಷ್ಯರನ್ನು ನುಂಗುವುದು ಬಿಟ್ಟ. ಕಲ್ಲವ್ವ ಮಗಳ ಮನೆ ಸೇರಿದಳು. ಕತೆ ಕೇಳಿದ ನಾವೂ ನೀವೂ ನಮ್ಮ ನಮ್ಮವರ ಪಕ್ಕ ಕೂತು ಉಣ್ಣೋಣ.