ಕೈ ಹಾಕದ ರಿಪೇರಿ

"ಹೆಂಗಸಿನ ಗ್ಯಾರೇಜಿಗೆ ಗಾಡಿ ಬಿಡೋರು ಯಾರು ಅತ್ತಿಗೆ?" ಎಂದು ನಕ್ಕವನು ಕೆಂಪಾಜಮ್ಮನ ಸ್ವಂತ ಮೈದುನ. ಅವನ ಮಾತಿನಂತೆಯೇ, ಬಾಗಿಲು ತೆಗೆದು ಬಹಳ ದಿನವಾದರೂ ಒಬ್ಬ ಗಿರಾಕಿಯೂ ಬರಲಿಲ್ಲ. ಕಡೆಗೆ ಮಗಳ ಮದುವೆಗೆ ಹೊರಟಿದ್ದ ಚೆಲುವೇಗೌಡರ ಹಳೆ ಕಾರು ಅವಳ ಗ್ಯಾರೇಜಿನ ಮುಂದೆಯೇ ಕೆಟ್ಟು ನಿಂತಿತು.

"ಕಾರು ಈಗಲೇ ಓಡಬೇಕು. ಆದರೆ ನಮ್ಮಪ್ಪನ ಕಾಲದ್ದು, ಹೆಂಗಸು ಕೈ ಹಾಕಕೂಡದು," ಎಂದರು ಗೌಡರು.

"ಆಗಲಿ ಗೌಡ್ರೇ, ಹಾಕಲ್ಲ." ಕೆಂಪಾಜಮ್ಮ ಸ್ಟೂಲು ಎಳೆದು ಕೂತು ಕೈ ಕಟ್ಟಿಕೊಂಡಳು. "ನೀವೇ ಬಾನೆಟ್ ಎತ್ತಿ. ಪ್ಲಗ್ ಬಿಚ್ಚಿ. ಅಯ್ಯೋ, ಅದು ರೇಡಿಯೇಟರ್ ಮುಚ್ಚಳ, ಮುಖ ಬೆಂದೀತು! ಹಾಂ, ಅದೇ. ಮಸಿ ಉಜ್ಜಿ. ಬಟ್ಟೆ ಇಲ್ವಾ? ಹೆಗಲ ಮೇಲೆ ಶಲ್ಯ ಇದೆಯಲ್ಲ!"

ಕಾರು ಗುರ್ ಎಂದಿತು. ಗೌಡರ ಮೀಸೆಯ ತನಕ ಮಸಿ. ಕನ್ನಡಿ ನೋಡಿಕೊಂಡು ಅವರೇ ನಕ್ಕುಬಿಟ್ಟರು. "ಕೂಲಿ ಎಷ್ಟಮ್ಮ?"

"ಕೈ ಹಾಕದ ಕೆಲಸಕ್ಕೆ ಕೂಲಿ ಯಾಕೆ? ವಿದ್ಯೆ ಹೇಳಿಕೊಟ್ಟಿದ್ದೀನಿ, ಗುರುದಕ್ಷಿಣೆ ಕೊಡಿ. ಮದುವೆಮನೇಲಿ ಮಸಿ ಏನು ಅಂತ ಕೇಳಿದೋರಿಗೆಲ್ಲ ನನ್ನ ಗ್ಯಾರೇಜಿನ ಹೆಸರು ಹೇಳಿ."

ಚಪ್ಪರದಲ್ಲಿ ಕೇಳದವರಿರಲಿಲ್ಲ. ಗೌಡರೂ ಮಾತಿಗೆ ತಪ್ಪುವವರಲ್ಲ. ಮದುವೆ ಮುಗಿಯುತ್ತಲೇ ಗ್ಯಾರೇಜಿಗೆ ಗಾಡಿಗಳು ಬರತೊಡಗಿದವು.

ಇವತ್ತು ಆ ಗ್ಯಾರೇಜು, ಅದರ ಕೆಳಗಿನ ನೆಲ ಎರಡೂ ಕೆಂಪಾಜಮ್ಮನವೇ. ಅದಕ್ಕೆ ಅವಳು ತೆತ್ತದ್ದು ತವರಿನವರು ಕೊಟ್ಟ ಕಿವಿಯೋಲೆ, ಮತ್ತು ಒಂದು ಕಾಲಕ್ಕೆ ನೆಟ್ಟಗಿದ್ದ ನಡು.