ಅಜ್ಜನವರು ತುಳಿಯದ ಕಾಲು

ಹೊಳೆದಂಡೆಯ ಆ ಮಠವೆಂದರೆ ಒಂದು ತಗಡಿನ ಚಪ್ಪರ, ಒಂದು ಕಂಬಳಿ, ಕಂಬಳಿಯ ಮೇಲೆ ಪೂಜ್ಯ ನಿರುಪಾಧಿ ಅಜ್ಜನವರು, ಅಷ್ಟೇ. ಅಜ್ಜನವರು ಕಾಲು ಮುಂದಾಗಿ ಹುಟ್ಟಿದವರು. ಅಂಥವರು ಪಾದ ಸೋಕಿಸಿದರೆ ಉಳುಕು ಬಿಡುತ್ತದೆಂಬುದು ನಮ್ಮ ಕಡೆಯ ನಂಬಿಕೆ ತಾನೆ? ಸೊಂಟ ಹಿಡಿದವರು, ಮಣಿಕಟ್ಟು ಉಬ್ಬಿದವರು ದಿನವೂ ಬರುತ್ತಿದ್ದರು. ಅಜ್ಜನವರು ಮೆಲ್ಲಗೆ ಪಾದ ಸೋಕಿಸಿ, ಎಂಟು ದಿನ ಭಾರ ಎತ್ತಬೇಡವೆಂದು ಹೇಳಿ ಕಳಿಸುತ್ತಿದ್ದರು.

ಒಂದು ಮುಂಜಾನೆ ಪೈಲವಾನ ಯಲಗುರ್ದಪ್ಪನನ್ನು ಗೆಳೆಯರು ಹೊತ್ತು ತಂದರು. ಗರಡಿಯಲ್ಲಿ ಜಿಗಿದಾಗ ಹಿಮ್ಮಡಿಯ ಮೇಲೆ ಯಾರೋ ಬಡಿಗೆಯಿಂದ ಹೊಡೆದಂತಾಯಿತಂತೆ. ತಿರುಗಿ ನೋಡಿದರೆ ಹಿಂದೆ ಯಾರೂ ಇಲ್ಲ. ಎಣ್ಣೆ ಹಚ್ಚಿ ತಿಕ್ಕಿದ್ದೂ ಆಗಿತ್ತು. ಬರುವ ವಾರವೇ ದೊಡ್ಡ ಕುಸ್ತಿ. ಅಜ್ಜನವರು ಒಮ್ಮೆ ತುಳಿದರೆ ಸಾಕೆಂದು ಅವನು ಬೋರಲು ಮಲಗಿದ.

ಅಜ್ಜನವರು ತುಳಿಯಲಿಲ್ಲ. ಪಕ್ಕದಲ್ಲಿ ನೆಲಕ್ಕೆ ಕೂತು ಅವನ ಎರಡೂ ಕಾಲಿನ ಮೀನಖಂಡ ಹಿಚುಕಿದರು. ಒಳ್ಳೆಯ ಕಾಲಿನ ಪಾದ ಅಲುಗಿತು. ನೊಂದ ಕಾಲಿನದು ಕೊರಡಿನಂತೆ ಸುಮ್ಮನಿತ್ತು. ಹಿಮ್ಮಡಿಯ ಮೇಲೆ, ನರ ಬಿಗಿಯಾಗಿರಬೇಕಾದಲ್ಲಿ, ಒತ್ತಿದ ಬೆರಳು ಒಳಗೇ ಇಳಿಯಿತು.

"ನಾ ಏನ್ ತಪ್ಪ ಮಾಡೇನ್ರಿ ಅಜ್ಜಾರ? ಎಲ್ಲಾರಿಗೂ ಪಾದ ಹಚ್ಚತೀರಿ, ನನಗ್ಯಾಕ ಇಲ್ಲ?"

"ಉಳುಕಿದ್ದು ಬ್ಯಾರೆ, ಉಬ್ಬಿದ್ದು ಬ್ಯಾರೆ. ಇಲ್ಲಿ ನರ ಹರಿದದಪ್ಪ. ಹರಿದದ್ದನ್ನ ಹೊಲೀಬೇಕು. ದವಾಖಾನಿಗೆ ಹೋಗು."

ಯಲಗುರ್ದಪ್ಪ ಸಿಟ್ಟಿಗೆದ್ದ. ಹಾಗಾದರೆ ಊರಿಗೆ ಊರೇ ಗುಣವಾದದ್ದು ಸುಳ್ಳೇನು ಎಂದು ಕೇಳಿಯೇಬಿಟ್ಟ.

"ಅವರಿಗೆ ಗುಣ ಆಗಿದ್ದು ಎಂಟು ದಿನ ಸುಮ್ಮ ಕೂತದ್ದಕ್ಕ. ಬರೇ ಬಾಯಿಲೆ ಹೇಳಿದ್ರ ಯಾರೂ ಕೂಡ್ರತಿರಲಿಲ್ಲ, ಅದಕ್ಕ ಕಾಲ ಹಚ್ಚಿದೆ. ನನ್ನ ಪಾದದಾಗ ಏನೂ ಇಲ್ಲ."

ಚಪ್ಪರದಡಿ ಸೊಂಟ ಹಿಡಿದು ಮಲಗಿದ್ದ ಮುದುಕಿಯೊಬ್ಬಳು ಗಾಬರಿಯಲ್ಲಿ ಎದ್ದೇ ಕೂತಳು. ಸ್ವತಃ ಗುರುಗಳೇ ತಮ್ಮ ಪವಾಡವನ್ನು ಅಲ್ಲಗಳೆಯುವುದೆಂದರೆ! ಅಷ್ಟರಲ್ಲಿ ಅಜ್ಜನವರು ಹೊದ್ದಿದ್ದ ಕಾವಿ ವಸ್ತ್ರವನ್ನು ಚರ್ರನೆ ಹರಿದು, ಬಿದಿರಿನ ದಬ್ಬೆಯಿಟ್ಟು, ಆ ಮಣ್ಣುಗಾಲನ್ನು ಬೆರಳು ಕೆಳಗೆ ಬಾಗುವಂತೆ ಕಟ್ಟತೊಡಗಿದರು. ಯಲಗುರ್ದಪ್ಪನ ಸಿಟ್ಟು ಅಲ್ಲಿಗೇ ಇಳಿಯಿತು.

ಕುಸ್ತಿ ತಪ್ಪಿತು, ಕಾಲು ಉಳಿಯಿತು. ಡಾಕ್ಟರು ಹರಿದ ತುದಿಗಳನ್ನು ಕೂಡಿಸಿ ಹೊಲಿದರು, ಪ್ಲಾಸ್ಟರು ಹಾಕಿದರು. ಅವನು ಕೂಸಿನಂತೆ ಹೊಸದಾಗಿ ನಡೆಯಲು ಕಲಿತು, ಮುಂದೆ ಅದೇ ಗರಡಿಯಲ್ಲಿ ಕುಸ್ತಿ ಕಲಿಸುವ ವಸ್ತಾದನಾದ. ಅಜ್ಜನವರು ಲಿಂಗೈಕ್ಯರಾದ ಮೇಲೊಮ್ಮೆ ಗರಡಿಯ ಶಿಷ್ಯನೊಬ್ಬ ಕಣದಲ್ಲಿ ಹಾಗೆಯೇ ಬಿದ್ದ. ಅಜ್ಜಾರ ಸಮಾಧಿಯ ಗದ್ದುಗೆಗೆ ಕಾಲು ಮುಟ್ಟಿಸಿ ತರೋಣವೆಂದರು ಜನ. ಯಲಗುರ್ದಪ್ಪ ಅವನ ಮುಂದೆ ಬೆನ್ನು ಬಾಗಿಸಿ ಕೂತ.

"ಗದ್ದುಗಿಗೆ ಆಮ್ಯಾಲ ನಡಕೊಂತ ಹೋಗುವಂತಿ. ಈಗ ಬೆನ್ನ ಏರು, ದವಾಖಾನಿ ಬಾಗಿಲಾ ತೆರದದ."